ಚರ್ಚಿನ ಪ್ರಾರ್ಥನೆ, ಕೊರಳಿನ ತಾಯತ

ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಆರಾಧನಾವಿಧಿಯನ್ನು ತಿಳಿಯಲು ಎರಡು ಬಗೆಯ ಆಧಾರಗಳಿವೆ. ಬಿಷಪರ ಉಪದೇಶಗಳು, ಧರ್ಮಸಭೆಗಳ ಕಟ್ಟಳೆಗಳು, ಮಠಗಳಲ್ಲಿ ಪ್ರತಿಯಾಗುತ್ತ ಉಳಿದುಬಂದ ಪ್ರಾರ್ಥನಾ ಪುಸ್ತಕಗಳು ಒಂದು ಬಗೆ. ಈಜಿಪ್ಟಿನ ಒಣ ಮರಳು ಕಾಪಾಡಿಕೊಟ್ಟ ಪಪೈರಸ್ ಚೂರುಗಳು, ತೊಗಲಿನ ಹಾಳೆಗಳು, ಮಡಕೆಯ ಬೋಕಿಗಳು ಇನ್ನೊಂದು ಬಗೆ. ಮೊದಲನೆಯವನ್ನು ಓದಿದರೆ ಆರಾಧನೆ ಬೇರೆ, ಮಾಟಮಂತ್ರ ಬೇರೆ ಎನ್ನುವುದರಲ್ಲಿ ಯಾವ ಅನುಮಾನವೂ ಉಳಿಯುವುದಿಲ್ಲ. ಎರಡನೆಯವನ್ನು ಕೈಗೆತ್ತಿಕೊಂಡರೆ ಆ ಗೆರೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. 4ರಿಂದ 8ನೇ ಶತಮಾನದವರೆಗಿನ ಈಜಿಪ್ಟಿನಲ್ಲಿ ಚರ್ಚಿನ ಪ್ರಾರ್ಥನೆಯೂ ತಾಯತದ ಮಂತ್ರವೂ ಬಹುಮಟ್ಟಿಗೆ ಒಂದೇ ನುಡಿಗಟ್ಟಿನಿಂದ ಕಟ್ಟಿದಂಥವು. ಅದನ್ನು ಯಾರು ಹೇಳಿದರು, ಎಲ್ಲಿ ಹೇಳಿದರು, ಯಾರ ಒಪ್ಪಿಗೆಯಿಂದ ಹೇಳಿದರು ಎಂಬುದರ ಮೇಲೆ ಹೆಸರು ಬದಲಾಗುತ್ತಿತ್ತು.

ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಪಟ್ಟಣವಿತ್ತು. ಅಲ್ಲಿನ ಹಳೆಯ ಕಸದ ದಿಬ್ಬಗಳನ್ನು ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸರು 1896ರ ಕೊನೆಯಲ್ಲಿ ಅಗೆಯತೊಡಗಿದರು. ಹಂಟ್ 1911ರಲ್ಲಿ ಪ್ರಕಟಿಸಿದ ಒಂದು ಚೂರು ಸುಮಾರು 5ನೇ ಶತಮಾನದ್ದು: ನಾಲ್ಕೈದು ಸೆಂಟಿಮೀಟರ್ ಅಗಲದ, ಒಂದು ಗೇಣಿಗಿಂತ ತುಸು ಉದ್ದದ ಪಪೈರಸ್ ಪಟ್ಟಿ. ಬಿಗಿಯಾಗಿ ಮಡಿಸಿ ದಾರದಿಂದ ಕಟ್ಟಿದ ಸ್ಥಿತಿಯಲ್ಲೇ ಅದು ಸಿಕ್ಕಿತು. ಯೊವಾನ್ನಿಯಾ ಎಂಬ ಹೆಂಗಸಿಗಾಗಿ ಬರೆಸಿದ ಜ್ವರದ ತಾಯತವದು. ಕೆಟ್ಟ ಆತ್ಮಕ್ಕೆ ಓಡಿಹೋಗು ಎಂದು ಗದರಿಸುವುದರಿಂದ ಬರಹ ಶುರುವಾಗುತ್ತದೆ. ಕ್ರಿಸ್ತನೇ ಬೆನ್ನಟ್ಟಿ ಬರುತ್ತಿದ್ದಾನೆ ಎಂಬ ಎಚ್ಚರಿಕೆಯೂ ಇದೆ. ಹಿಂದೆಯೇ ಯೊವಾನ್ನನ ಸುವಾರ್ತೆಯ ಮೊದಲ ಸಾಲುಗಳು ಬರುತ್ತವೆ. ಆಮೇಲೆ ರೋಗಿಯ ಕಾಯಿಲೆಯ ಪಟ್ಟಿ: ಎಲ್ಲ ಬಗೆಯ ಜ್ವರ, ಎಲ್ಲ ಬಗೆಯ ನಡುಕ, ದಿನಾ ಬರುವುದು, ದಿನ ಬಿಟ್ಟು ದಿನ ಬರುವುದು, ಎರಡು ದಿನ ಬಿಟ್ಟು ಬರುವುದು. ನೈಲ್ ಕಣಿವೆಯವರಿಗೆ ಚಳಿಜ್ವರದ ಸರದಿ ಚೆನ್ನಾಗಿ ಗೊತ್ತಿತ್ತು. ಕಡೆಗೆ ದೇವಮಾತೆ, ಮಹಾದೂತರು, ಸುವಾರ್ತೆ ಬರೆದ ಯೊವಾನ್ನ, ಸಂತ ಸೆರೇನಸ್, ಸಂತ ಫಿಲೋಕ್ಸೆನಸ್, ಸಂತ ವಿಕ್ಟರ್, ಸಂತ ಜಸ್ಟಸ್ ಇವರೆಲ್ಲರ ಮಧ್ಯಸ್ಥಿಕೆಯನ್ನು ಬೇಡಿ, ದೇವರ ನಾಮವನ್ನು ಕೊಂಡಾಡಿ, ಆಮೆನ್ ಎಂದು ಮುಗಿಯುತ್ತದೆ.

ಈ ಬರಹದಲ್ಲಿ ಬೆಸುಗೆ ಕಾಣುವಂತೆಯೇ ಇದೆ. ರೋಗಿಯನ್ನು ತಂದೆಯ ಹೆಸರಿನಿಂದ ಗುರುತಿಸದೆ, ಅನಸ್ತಾಸಿಯಾ ಹೆತ್ತ ಯೊವಾನ್ನಿಯಾ ಎಂದು ತಾಯಿಯ ಹೆಸರಿನಿಂದ ಗುರುತಿಸಲಾಗಿದೆ. ಸರಕಾರಿ ಕಾಗದಪತ್ರಗಳಲ್ಲಿ ತಂದೆಯ ಹೆಸರೇ ಮುಂದು. ತಾಯಿಯ ಹೆಸರು ಹಿಡಿದು ಕರೆಯುವುದು ಮಂತ್ರವಾದಿಗಳ ಹಳೆಯ ರೂಢಿ. ದೆವ್ವವನ್ನು ನೇರವಾಗಿ ಮಾತಾಡಿಸಿ ಅಟ್ಟುವುದೂ ಅಲ್ಲಿಂದಲೇ ಬಂದದ್ದು. ಸಂತರ ಹೆಸರುಗಳನ್ನು ಮಾತ್ರ ಬರೆದವನು ಊರಿನ ಚರ್ಚುಗಳಿಂದ ತೆಗೆದುಕೊಂಡಿದ್ದಾನೆ. ಅದೇ ಆಕ್ಸಿರಿಂಕಸ್‌ನಲ್ಲಿ 535–536ರ ಸುಮಾರಿನ ಇನ್ನೊಂದು ಪಪೈರಸ್ ಸಿಕ್ಕಿದೆ. ಯಾವ ಹಬ್ಬದಂದು ಯಾವ ಚರ್ಚಿನಲ್ಲಿ ಜನ ಸೇರಬೇಕು ಎಂದು ಹೇಳುವ ಪಟ್ಟಿ ಅದು. ಫಿಲೋಕ್ಸೆನಸ್, ಸೆರೇನಸ್, ಜಸ್ಟಸ್ ಅದರಲ್ಲೂ ಇದ್ದಾರೆ. ತಾಯತ ಬರೆದವನು ಪ್ರಾರ್ಥನೆಯ ವರಸೆಯನ್ನು ಕಿವಿಯಾರೆ ಕೇಳಿ ರೂಢಿಸಿಕೊಂಡವನು, ಬಹುಶಃ ಚರ್ಚಿನಲ್ಲಿ ಓದಿ ಹೇಳುತ್ತಿದ್ದವರಲ್ಲೇ ಒಬ್ಬ.

ಇಂಥ ತಾಯತಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಭಾಗಗಳು ಹೆಚ್ಚೇನಿಲ್ಲ. ಗ್ರೀಕ್ ಬೈಬಲ್ಲಿನ 90ನೇ ಕೀರ್ತನೆ (ಇಂದಿನ ಬಹುತೇಕ ಬೈಬಲ್‌ಗಳಲ್ಲಿ 91ನೆಯದು) ಎಲ್ಲಕ್ಕಿಂತ ಜನಪ್ರಿಯ. ರಾತ್ರಿಯ ಭಯ, ಹಗಲಿನ ಬಾಣ, ಪಿಡುಗು ಇವುಗಳಿಂದ ರಕ್ಷಣೆ ಕೊಡುವ ಮಾತು ಅದರಲ್ಲಿರುವುದರಿಂದ ಆಶ್ಚರ್ಯವಿಲ್ಲ. ಯೇಸು ಕಲಿಸಿದ ಪ್ರಾರ್ಥನೆ, ಸುವಾರ್ತೆಗಳ ಮೊದಲ ಸಾಲುಗಳು, ಬಲಿಪೂಜೆಯಲ್ಲಿ ಜನರೆಲ್ಲ ದೇವರನ್ನು ಮೂರು ಬಾರಿ ಪವಿತ್ರನೆಂದು ಕೂಗುವ ಘೋಷ, ಎದೆಸ್ಸಾದ ರಾಜ ಅಬ್ಗರನಿಗೆ ಯೇಸು ಬರೆದನೆನ್ನಲಾದ ಪತ್ರ ಉಳಿದವು. ಆ ಪತ್ರ ಅಧಿಕೃತವಲ್ಲವೆಂದು ಚರ್ಚಿನ ಪಟ್ಟಿಯೊಂದು ತಳ್ಳಿಹಾಕಿತು. ಜನ ಮಾತ್ರ ಅದನ್ನು ಬಾಗಿಲ ಮೇಲೆ ಕೆತ್ತಿಸುವುದನ್ನೂ ಮೈಮೇಲೆ ಕಟ್ಟಿಕೊಳ್ಳುವುದನ್ನೂ ಬಿಡಲಿಲ್ಲ. ಆಮೆನ್ ಎಂಬುದರ ಗ್ರೀಕ್ ಅಕ್ಷರಗಳ ಬೆಲೆ ಕೂಡಿದರೆ 99 ಆಗುತ್ತದೆಂದು ಆ ಅಂಕಿಯನ್ನಷ್ಟೇ ಬರೆದು ಮುಗಿಸಿದ ತಾಯತಗಳೂ ಇವೆ. ಆಕ್ಸಿರಿಂಕಸ್‌ನದೇ ಇನ್ನೊಂದು ತೊಗಲಿನ ಚೂರು ನೋಡಲೂ ವಿಶೇಷವಾಗಿದೆ: ಯೇಸು ರೋಗಿಗಳನ್ನು ಗುಣಪಡಿಸಿದ ಮತ್ತಾಯನ ಸಾಲುಗಳನ್ನು ಪುಟ್ಟ ಪುಟ್ಟ ಶಿಲುಬೆಗಳ ಆಕಾರದಲ್ಲಿ ಬರೆದು, ನಡುವೆ ಒಂದು ಮಾನವಾಕೃತಿ ಬಿಡಿಸಿ, ಅಂಚನ್ನು ಕತ್ತರಿಸಿ, ಒಳಗೆ ರಂಧ್ರ ಕೊರೆದಿದ್ದಾರೆ. ಚರ್ಚಿನಲ್ಲಿ ಓದುವ ಪಾಠಕ್ಕೆ ಶೀರ್ಷಿಕೆ ಕೊಡುವ ಹಾಗೆ, ರೋಗ ವಾಸಿಮಾಡುವ ಸುವಾರ್ತೆ ಎಂಬ ತಲೆಬರಹವೂ ಇದೆ.

ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದ 6ನೇ ಶತಮಾನದ ಒಂದು ಪಪೈರಸ್ ಬಲಿಪೂಜೆಗೆ ಇನ್ನೂ ಹತ್ತಿರದ್ದು. ಅದು ಮೊದಲು ಹಳ್ಳಿಯೊಂದರ ಧಾನ್ಯ ತೆರಿಗೆಯ ರಸೀದಿಯಾಗಿತ್ತು. ಯಾರೋ ಅದರ ಹಿಂಬದಿಯಲ್ಲಿ, ಆಕಾಶದಿಂದ ಮನ್ನಾ ಎಂಬ ಆಹಾರ ಸುರಿದುದನ್ನು ಹೇಳುವ ಕೀರ್ತನೆಯ ಸಾಲುಗಳನ್ನೂ ಕಡೆಯ ಭೋಜನದಲ್ಲಿ ಯೇಸು ಪಾತ್ರೆ ಹಿಡಿದು ಆಡಿದ ಮಾತುಗಳನ್ನೂ ಹೆಣೆದು ಬರೆದರು. ಮಡಿಕೆಯ ಗುರುತುಗಳು ಈಗಲೂ ಕಾಣುತ್ತವೆ. ಯೇಸುವಿನ ಆ ಮಾತುಗಳು ಬಲಿಪೂಜೆಯ ತಿರುಳು. ರೊಟ್ಟಿ ಮತ್ತು ದ್ರಾಕ್ಷಾರಸದ ಮುಂದೆ ನಿಂತು ಗುರುಗಳು ಉಚ್ಚರಿಸುವಂಥವು. 2ನೇ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಈ ರೊಟ್ಟಿ-ದ್ರಾಕ್ಷಾರಸದ ಪರಮಪ್ರಸಾದವನ್ನು ಸಾವಿಗೆ ಮದ್ದು ಎಂಬರ್ಥದಲ್ಲಿ ಬಣ್ಣಿಸಿದ್ದ. ಆ ಮಾತನ್ನು ಅಕ್ಷರಶಃ ನಂಬಿದವರು ರಸೀದಿಯ ಬೆನ್ನಿನ ಮೇಲೆ ಆ ಮದ್ದನ್ನು ಬರೆಸಿಕೊಂಡರೆ ತಪ್ಪು ಹುಡುಕುವುದು ಕಷ್ಟ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ. ಅಧಿಕೃತ ಆರಾಧನಾವಿಧಿಯೂ ವಸ್ತುಗಳಿಗೆ ಶಕ್ತಿ ತುಂಬುವ, ದೆವ್ವ ಬಿಡಿಸುವ ಮಾತುಗಳಿಂದ ತುಂಬಿತ್ತು. ನೈಲ್ ಮುಖಜ ಭೂಮಿಯ ಥ್ಮುಯಿಸ್ ಎಂಬಲ್ಲಿ 4ನೇ ಶತಮಾನದ ನಡುಭಾಗದಲ್ಲಿ ಬಿಷಪನಾಗಿದ್ದ ಸರಪಿಯೋನನ ಹೆಸರಿನಲ್ಲಿ 30 ಪ್ರಾರ್ಥನೆಗಳ ಒಂದು ಸಂಗ್ರಹವಿದೆ. ಅಥೋಸ್ ಬೆಟ್ಟದ ಮಠದ 11ನೇ ಶತಮಾನದ ಪ್ರತಿಯೊಂದರಲ್ಲಿ ಅದು ಉಳಿದು ಬಂತು. ರೋಗಿಗಳ ಎಣ್ಣೆಯನ್ನು ಹರಸುವ ಪ್ರಾರ್ಥನೆಯಲ್ಲಿ, ಆ ಎಣ್ಣೆಯ ಮೇಲೆ ಸ್ವರ್ಗದಿಂದ ಗುಣಪಡಿಸುವ ಶಕ್ತಿಯನ್ನು ಕಳುಹಿಸು, ಅದು ಜ್ವರ, ನಡುಕ, ನಿಶ್ಶಕ್ತಿ, ಅಶುದ್ಧ ಆತ್ಮ ಎಲ್ಲವನ್ನೂ ಓಡಿಸಲಿ ಎಂದು ಬೇಡಲಾಗಿದೆ. ಯೊವಾನ್ನಿಯಾಳ ತಾಯತದ ಪಕ್ಕದಲ್ಲಿಟ್ಟರೆ ರೋಗಗಳ ಪಟ್ಟಿ ಸುಮಾರಾಗಿ ಅದೇ. ಬಲಿಪೂಜೆಯಲ್ಲಿ ಪವಿತ್ರಾತ್ಮವು ರೊಟ್ಟಿಯ ಮೇಲೆ ಇಳಿದು ಬರಲೆಂದು ಕೇಳುವ ಆವಾಹನೆಗೂ, ಈಜಿಪ್ಟಿನ ದೇಸೀ ಭಾಷೆಯಾದ ಕಾಪ್ಟಿಕ್‌ನ ಮಂತ್ರಪುಸ್ತಕಗಳಲ್ಲಿ ದೇವದೂತ ಗಬ್ರಿಯೇಲನು ಬಟ್ಟಲಿನ ನೀರಿನ ಮೇಲೆ ಇಳಿದು ಬರಲೆಂದು ಕೇಳುವ ಮಾತಿಗೂ ವಾಕ್ಯದ ಕಟ್ಟು ಒಂದೇ ತೆರನದು.

ಎರಡನ್ನೂ ಒಂದೇ ಹೊದಿಕೆಯಲ್ಲಿ ಇಟ್ಟುಕೊಂಡವರೂ ಇದ್ದರು. ಸ್ಪೇನಿನ ಮೊಂತ್ಸೆರಾತ್ ಮಠದಲ್ಲಿರುವ 4ನೇ ಶತಮಾನದ ಪಪೈರಸ್ ಪುಸ್ತಕವೊಂದರಲ್ಲಿ ಬಲಿಪೂಜೆಯ ಮುಖ್ಯ ಪ್ರಾರ್ಥನೆಯ ಬೆನ್ನಿಗೇ ರೋಗಿಯ ಮೇಲೆ ಕೈಯಿಟ್ಟು ಹೇಳುವ ಪ್ರಾರ್ಥನೆ, ಎಣ್ಣೆಯಿಂದ ಕೇಡನ್ನು ಉಚ್ಚಾಟಿಸುವ ವಿಧಿ ಬರುತ್ತವೆ. ಅದೇ ಪುಸ್ತಕದಲ್ಲಿ ಸಿಸೆರೋನ ಲ್ಯಾಟಿನ್ ಭಾಷಣಗಳೂ ಇವೆ ಎನ್ನುವುದು ಅದರ ಒಡೆಯನ ಅಭಿರುಚಿಯ ಬಗ್ಗೆ ಏನೋ ಹೇಳುತ್ತದೆ.

ಜೆರುಸಲೇಮಿನ ಬಿಷಪ್ ಸಿರಿಲ್‌ನ ಹೆಸರಿನಲ್ಲಿರುವ ಉಪದೇಶಗಳಲ್ಲಿ, ಒಂದನ್ನು ಬಳಸುತ್ತಲೇ ಇನ್ನೊಂದನ್ನು ತಳ್ಳಿಹಾಕಬೇಕಾದ ಇಕ್ಕಟ್ಟು ಚೆನ್ನಾಗಿ ಕಾಣುತ್ತದೆ. ಅವು 4ನೇ ಶತಮಾನದಲ್ಲಿ ದೀಕ್ಷಾಸ್ನಾನಕ್ಕೆ ಬಂದವರಿಗಾಗಿ ಹೇಳಿದವು. ಅಭ್ಯರ್ಥಿಗಳ ಮುಖಕ್ಕೆ ಬಟ್ಟೆ ಮುಚ್ಚಿ ದೆವ್ವ ಬಿಡಿಸುವ ಮಂತ್ರ ಹೇಳುತ್ತಿದ್ದರು. ಕತ್ತಲೆಯ ದಿಕ್ಕಾದ ಪಡುವಣಕ್ಕೆ ತಿರುಗಿ ಕೈಚಾಚಿ, ಸೈತಾನನು ಎದುರಿಗೇ ಇರುವನೆಂಬಂತೆ ಅವನನ್ನು ತೊರೆಯುವುದಾಗಿ ಹೇಳಬೇಕಿತ್ತು. ಬಳಿಕ ಬಟ್ಟೆ ಕಳಚಿ, ಮಂತ್ರಿಸಿದ ಎಣ್ಣೆಯನ್ನು ನೆತ್ತಿಯಿಂದ ಪಾದದವರೆಗೆ ಹಚ್ಚುತ್ತಿದ್ದರು. ಆ ಎಣ್ಣೆಗೆ ಕಣ್ಣಿಗೆ ಕಾಣದ ದುಷ್ಟಶಕ್ತಿಗಳನ್ನು ಅಟ್ಟುವ ಬಲವಿದೆಯೆಂದು ವಿವರಣೆ. ಅದೇ ಉಪದೇಶಗಳಲ್ಲಿ ಸೈತಾನನ ಸೇವೆ ಎಂದು ಎಣಿಸಿದ ಕೆಲಸಗಳ ನಡುವೆ ಶಕುನ ನೋಡುವುದು, ತಾಯತ, ತಗಡಿನ ಮೇಲೆ ಬರೆಸಿಕೊಳ್ಳುವುದು, ಮಾಟ ಎಲ್ಲವೂ ಸೇರಿವೆ.

ಮಾಟದ ಆರೋಪ ಕ್ರೈಸ್ತರಿಗೆ ಹೊಸದಲ್ಲ. 2ನೇ ಶತಮಾನದ ಕೊನೆಯ ಭಾಗದಲ್ಲಿ ಕೆಲ್ಸಸ್ ಎಂಬ ಗ್ರೀಕ್ ಚಿಂತಕ, ಯೇಸು ಈಜಿಪ್ಟಿಗೆ ಹೋಗಿ ಮಾಟ ಕಲಿತು ಬಂದವನೆಂದು ಬರೆದ. ಕ್ರೈಸ್ತರು ಮಂತ್ರತಂತ್ರ ಬಳಸುವುದಿಲ್ಲ, ಯೇಸುವಿನ ಹೆಸರು ಮತ್ತು ಸರಳ ಪ್ರಾರ್ಥನೆಯಿಂದಲೇ ದೆವ್ವ ಬಿಡಿಸುತ್ತಾರೆ ಎಂದು ಕ್ರೈಸ್ತ ಚಿಂತಕ ಒರಿಜೆನ್ 248ರ ಸುಮಾರಿಗೆ ಉತ್ತರ ಕೊಟ್ಟ. ಹೆಸರಿಗೇ ಶಕ್ತಿಯಿದೆ ಎಂಬ ನಂಬಿಕೆ ಮಂತ್ರವಾದಿಗಳದೂ ಹೌದು. ಪ್ಯಾರಿಸ್ಸಿನಲ್ಲಿರುವ 4ನೇ ಶತಮಾನದ ಮಹಾ ಮಂತ್ರ ಪಪೈರಸ್ಸಿನಲ್ಲಿ ಕ್ರೈಸ್ತನಲ್ಲದ ಒಬ್ಬ ಮಂತ್ರವಾದಿ ದೆವ್ವ ಬಿಡಿಸಲು ಯೇಸುವನ್ನು ಇಬ್ರಿಯರ ದೇವರೆಂದು ಕರೆದು ಆಣೆಯಿಡುತ್ತಾನೆ.

ಕಟ್ಟಳೆಗಳು ಬಿಗಿಯಾದದ್ದು 4ನೇ ಶತಮಾನದಲ್ಲಿ. ಗುರುಗಳೂ ಇತರ ಚರ್ಚು ಸೇವಕರೂ ಮಂತ್ರವಾದಿಗಳಾಗಬಾರದು, ಜ್ಯೋತಿಷಿಗಳಾಗಬಾರದು, ತಾಯತ ಮಾಡಬಾರದು ಎಂದು ಲವೊದಿಕೇಯ ಧರ್ಮಸಭೆಯ 36ನೇ ನಿಯಮ ಹೇಳಿತು. ಮಾಡುತ್ತಿರದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ದಕ್ಷಿಣ ಈಜಿಪ್ಟಿನ ಬಿಳಿ ಮಠದ ಮುಖ್ಯಸ್ಥ ಶೆನೂತೆ 5ನೇ ಶತಮಾನದಲ್ಲಿ ನರಿಯ ಉಗುರು, ಹಾವಿನ ತಲೆ, ಮೊಸಳೆಯ ಹಲ್ಲು ಕಟ್ಟಿಕೊಳ್ಳುವವರನ್ನು ಬೈಯುತ್ತಾನೆ. ಇದನ್ನು ಕೊಟ್ಟವರು ಒಬ್ಬ ದೊಡ್ಡ ಸನ್ಯಾಸಿ ಎಂದು ಅವರು ಉತ್ತರ ಕೊಡುತ್ತಾರೆಂಬುದೇ ಅವನ ಸಂಕಟ. ಅಲೆಕ್ಸಾಂಡರನ ನಾಣ್ಯಗಳನ್ನು ತಲೆಗೂ ಕಾಲಿಗೂ ಕಟ್ಟಿಕೊಳ್ಳುತ್ತಿದ್ದ ಅಂತಿಯೋಕ್ಯದ ಜನರಿಗೆ ಜಾನ್ ಕ್ರಿಸೊಸ್ತೊಮ್ ಶಿಲುಬೆಯ ಗುರುತು ಸಾಕೆಂದು ಬೋಧಿಸಿದ. ಉತ್ತರ ಆಫ್ರಿಕದ ಅಗಸ್ಟೀನ್ ಇನ್ನಷ್ಟು ಸಡಿಲ. ತಲೆನೋವು ಬಂದಾಗ ತಾಯತದವನ ಬಳಿ ಓಡುವುದಕ್ಕಿಂತ ಸುವಾರ್ತೆಯ ಪುಸ್ತಕವನ್ನು ತಲೆಯ ಬಳಿ ಇಟ್ಟುಕೊಳ್ಳುವುದೇ ವಾಸಿ ಎಂದ. ಅದು ಪುಸ್ತಕದ ಉದ್ದೇಶವಲ್ಲವೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ.

ಚರ್ಚಿನ ಆವರಣದೊಳಗೇ ನಡೆಯುತ್ತಿದ್ದ ಪ್ರಶ್ನೆ ಕೇಳುವ ಪದ್ಧತಿಗೆ ಯಾವ ಹೆಸರು ಸಲ್ಲಬೇಕು ಎಂಬುದೂ ಅಷ್ಟು ಸುಲಭವಲ್ಲ. ಆಕ್ಸಿರಿಂಕಸ್‌ನಲ್ಲಿ ಸಂತ ಫಿಲೋಕ್ಸೆನಸ್‌ನ ಸನ್ನಿಧಿಗೆ ಬಂದವರು ಎರಡು ಚೀಟಿ ಕೊಡುತ್ತಿದ್ದರು, ಹೌದೆಂಬುದಕ್ಕೆ ಒಂದು, ಬೇಡವೆಂಬುದಕ್ಕೆ ಒಂದು. ಹಿಂದಿರುಗಿ ಬಂದ ಚೀಟಿಯೇ ದೇವರ ಉತ್ತರ. ಅನೂಪ್ ಎಂಬವನನ್ನು ಸಂತನ ಆಸ್ಪತ್ರೆಗೆ ಕರೆತರಬೇಕೇ ಎಂದು ಒಂದು ಚೀಟಿ ಕೇಳುತ್ತದೆ. ಹಣ ವಿನಿಮಯದ ಕಟ್ಟೆಯ ಬಗ್ಗೆ ಕೇಳಿದ ಇನ್ನೊಂದು ಪ್ರಶ್ನೆಯ ಎರಡೂ ಚೀಟಿಗಳು ಬೇರೆ ಬೇರೆ ಸಂಗ್ರಹಗಳಲ್ಲಿ ಬಿದ್ದಿದ್ದವು. ಅವು ಒಂದೇ ಕೈಬರಹದ ಜೋಡಿ ಎಂದು 1975ರಲ್ಲಿ ಹರ್ಬರ್ಟ್ ಯೂಟಿ ತೋರಿಸಿದರು. ಅದೇ ಊರಿನಲ್ಲಿ ಕೆಲವು ಶತಮಾನಗಳ ಹಿಂದೆ ಸೆರಾಪಿಸ್ ದೇವರ ಮುಂದೆಯೂ ಇಂಥದೇ ಚೀಟಿಗಳನ್ನು ಇಡುತ್ತಿದ್ದರು.

ಹಳೆಯ ದೇವರುಗಳು ಪೂರ್ತಿ ಮರೆಯಾಗಿಯೂ ಇರಲಿಲ್ಲ. ಬರ್ಲಿನ್ನಿನಲ್ಲಿರುವ ಸುಮಾರು 8ನೇ ಶತಮಾನದ ಕಾಪ್ಟಿಕ್ ಹಾಳೆಯೊಂದರಲ್ಲಿ ಹೊಟ್ಟೆನೋವಿಗೆ ಮಂತ್ರವಿದೆ. ಹೋರಸ್ ದೇವರು ಹಕ್ಕಿಯೊಂದನ್ನು ಹಿಡಿದು, ಕತ್ತಿಯಿಲ್ಲದೆ ಕೊಯ್ದು, ಬೆಂಕಿಯಿಲ್ಲದೆ ಬೇಯಿಸಿ, ಉಪ್ಪಿಲ್ಲದೆ ತಿಂದು ಹೊಟ್ಟೆ ಹಿಡಿದುಕೊಂಡ. ತಾಯಿ ಐಸಿಸ್‌ಗೆ ಹೇಳಿಕಳುಹಿಸಿದ. ಫೇರೋಗಳ ಕಾಲದ ಧಾಟಿಯ ಈ ಕಥೆ ಕೊನೆಗೆ ಬಂದು ನಿಲ್ಲುವುದು ಗುಣ ಕೊಡುವ ಪ್ರಭು ಯೇಸುವಿನ ಹೆಸರಿನಲ್ಲಿ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿರುವ 7–8ನೇ ಶತಮಾನದ 20 ಪುಟಗಳ ತೊಗಲಿನ ಪುಸ್ತಕ, ಬಕ್ತಿಯೋಥಾ ಎಂಬ ಅಪರಿಚಿತ ಶಕ್ತಿಯನ್ನೂ ಯೇಸುವನ್ನೂ ಒಟ್ಟಿಗೆ ಸ್ತುತಿಸಿ, ಆ ದೀರ್ಘ ಪ್ರಾರ್ಥನೆಯ ಕೆಳಗೆ 27 ಪ್ರಯೋಗಗಳನ್ನು ಕೊಡುತ್ತದೆ: ದೆವ್ವಕ್ಕೆ, ಕಾಮಾಲೆಗೆ, ವಶೀಕರಣಕ್ಕೆ. ನಡುನಡುವೆ ಏಳು ಗ್ರೀಕ್ ಸ್ವರಗಳ ಸಾಲುಗಳನ್ನೋ ಅರ್ಥವಿಲ್ಲದ ದೀರ್ಘನಾಮಗಳನ್ನೋ ಪೋಣಿಸುವುದು ಈ ಬರಹಗಳ ವಾಡಿಕೆ. ನಮ್ಮ ಬೀಜಾಕ್ಷರಗಳಂತೆ ಅವುಗಳ ಬಲ ಉಚ್ಚಾರದಲ್ಲಿ. ಲಂಡನ್ನಿನಲ್ಲಿರುವ ಸುಮಾರು 600ರ ಒಂದು ಕಾಪ್ಟಿಕ್ ಮಂತ್ರ ಒಳ್ಳೆಯ ಹಾಡುಗಂಟಲಿಗಾಗಿ ದೇವದೂತರನ್ನು ಕರೆಯುತ್ತದೆ. ಆ ಕಾಲದ ಈಜಿಪ್ಟಿನಲ್ಲಿ ಒಳ್ಳೆಯ ಗಂಟಲು ಬೇಕಾಗುತ್ತಿದ್ದದ್ದು ಮುಖ್ಯವಾಗಿ ಚರ್ಚಿನ ಗಾಯಕರಿಗೇ.

ಎಲ್ಲವನ್ನೂ ಒಂದೇ ಎನ್ನಲೂ ಆಗದು. ಪರಸ್ತ್ರೀಯನ್ನು ವಶಮಾಡಿಕೊಡು, ವೈರಿಯ ಮೈಗೆ ರೋಗ ಬರಲಿ ಎಂದು ಯಾವ ಬಿಷಪನೂ ಸಭೆಯ ಮುಂದೆ ಬೇಡಲಾರ. ಚರ್ಚಿನ ಪ್ರಾರ್ಥನೆ ಎಲ್ಲರ ಪರವಾಗಿ ಬಹುವಚನದಲ್ಲಿ ನಡೆಯುತ್ತದೆ. ತಾಯತ ಒಬ್ಬಳ ಹೆಸರನ್ನು ಹಿಡಿಯುತ್ತದೆ, ಬಹಳ ಸಲ ಈಗಲೇ, ಬೇಗ ಎಂದು ಅವಸರಿಸುತ್ತದೆ. ಆದರೂ ಮಂತ್ರಪುಸ್ತಕವೂ ಪ್ರಾರ್ಥನಾ ಪುಸ್ತಕವೂ ಹೆಸರಿನ ಜಾಗದಲ್ಲಿ ಇಂಥವರು ಎಂಬ ಒಂದೇ ಗ್ರೀಕ್ ಗುರುತನ್ನು ಇಟ್ಟುಕೊಳ್ಳುತ್ತಿದ್ದವು.

ಇಂದಿನ ಓದುಗರಿಗೆ ಇವೆರಡು ದೂರದೂರದವಾಗಿ ಕಾಣುವುದಕ್ಕೆ ಸಂಪಾದಕರದೂ ಪಾಲಿದೆ. ಕಾರ್ಲ್ ಪ್ರೈಸೆಂಡಾಂಜ್ 1928 ಮತ್ತು 1931ರಲ್ಲಿ ಗ್ರೀಕ್ ಮಂತ್ರ ಪಪೈರಸ್‌ಗಳನ್ನು ಎರಡು ಸಂಪುಟಗಳಲ್ಲಿ ತಂದಾಗ ಕ್ರೈಸ್ತ ತಾಯತಗಳನ್ನು ಮಂತ್ರಗಳ ಜೊತೆ ಬೇರೆ ಕ್ರಮಾಂಕದಡಿ ಇಟ್ಟರು. ಆರಾಧನಾವಿಧಿಯ ಪಪೈರಸ್‌ಗಳು ದೇವತಾಶಾಸ್ತ್ರದವರ ಪಾಲಿಗೆ ಹೋದವು. ಮಂತ್ರವು ದೇವರನ್ನು ಬಲವಂತಪಡಿಸುತ್ತದೆ, ಧರ್ಮ ಬೇಡಿಕೊಳ್ಳುತ್ತದೆ ಎಂಬ, ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರನ ಕಾಲದ ಅಳತೆಗೋಲು ಈ ವಿಂಗಡಣೆಯ ಹಿಂದಿತ್ತು. ಯೊವಾನ್ನಿಯಾಳ ತಾಯತ ಗದರಿಸುತ್ತದೆ, ಬೇಡಿಕೊಳ್ಳುತ್ತದೆ ಕೂಡ. ಆ ಅಳತೆಗೋಲಿಗೆ ಅದು ಸಿಗುವುದಿಲ್ಲ. 1994ರಲ್ಲಿ ಮಾರ್ವಿನ್ ಮೇಯರ್ ಮತ್ತು ರಿಚರ್ಡ್ ಸ್ಮಿತ್ ಕಾಪ್ಟಿಕ್ ಮಂತ್ರಗಳ ಅನುವಾದ ಸಂಗ್ರಹವನ್ನು ತಂದಾಗ, ಅವನ್ನು ಆಚರಣಾಶಕ್ತಿಯ ಪಠ್ಯಗಳೆಂದು ಕರೆದು ಹಳೆಯ ವಿಂಗಡಣೆಯಿಂದ ಆಚೆ ಬರಲು ನೋಡಿದರು.

ಈಜಿಪ್ಟಿನಲ್ಲಿ ಕಾಪ್ಟಿಕ್ ಭಾಷೆಯ ಬಳಕೆ ಕುಗ್ಗಿದಂತೆ ಇಂಥ ಬರಹಗಳು ಅರಬ್ಬಿಗೆ ಹೊರಳಿದವು. ದಕ್ಷಿಣದ ಇಥಿಯೋಪಿಯಾದಲ್ಲಿ ಸಂಪ್ರದಾಯ ಇತ್ತೀಚಿನವರೆಗೂ ಗಟ್ಟಿಯಾಗಿ ನಡೆಯಿತು. ಈಜಿಪ್ಟಿನ ಬಾವಿತ್ ಮಠದ ಗೋಡೆಚಿತ್ರದಲ್ಲಿ ಸಂತ ಸಿಸಿನಿಯೋಸ್ ಕುದುರೆಯೇರಿ ರಾಕ್ಷಸಿಯನ್ನು ಈಟಿಯಿಂದ ತಿವಿಯುತ್ತಾನೆ. ಅವನೇ ಸುಸೆನ್ಯೊಸ್ ಎಂಬ ಹೆಸರಿನಲ್ಲಿ ಇಥಿಯೋಪಿಯಾದ ತೊಗಲಿನ ಸುರುಳಿಗಳಲ್ಲಿ, ಹಸುಗೂಸುಗಳನ್ನು ಕೊಲ್ಲುವ ವೆರ್ಜೆಲ್ಯಾ ಎಂಬ ರಾಕ್ಷಸಿಯಿಂದ ಬಾಣಂತಿಯರನ್ನು ಕಾಯುತ್ತಾನೆ. ಸುರುಳಿಯ ಉದ್ದ ಧರಿಸುವವರ ಎತ್ತರದಷ್ಟು. ಹೆಸರು ಕೆಂಪು ಶಾಯಿಯಲ್ಲಿ. ಬರೆಯುತ್ತಿದ್ದವರು ದೆಬ್ತೆರಾಗಳು. ಗುರುದೀಕ್ಷೆ ಇಲ್ಲದಿದ್ದರೂ ಚರ್ಚಿನ ಶಾಲೆಯಲ್ಲಿ ವರ್ಷಗಟ್ಟಲೆ ಕಲಿತು ಆರಾಧನೆಯ ಹಾಡುಗಾರಿಕೆ ನಡೆಸುವವರು ಇವರೇ. ಸುರುಳಿ ಬರೆಯುವುದನ್ನು ಚರ್ಚಿನ ಹಿರಿಯರು ಒಪ್ಪುತ್ತಿರಲಿಲ್ಲ. ಬರೆಸಿಕೊಳ್ಳಲು ಬರುತ್ತಿದ್ದವರು ಚರ್ಚಿಗೆ ಬರುವವರೇ.