ಇಂಗ್ಲೆಂಡಿನ ಚಾನ್ಸರಿ ನ್ಯಾಯದ ಪ್ರಮುಖ ಪ್ರಕರಣಗಳು

ಚಾನ್ಸರಿ ನ್ಯಾಯ ಎಂಬುದು ಇಂಗ್ಲೆಂಡಿನಲ್ಲಿ ಲಾರ್ಡ್ ಚಾನ್ಸಲರ್ ಅವರ ನ್ಯಾಯಾಲಯದಿಂದ ಬೆಳೆದುಬಂದ ನ್ಯಾಯಪದ್ಧತಿ. ಇದರ ಮೂಲತತ್ವವನ್ನು ಈಕ್ವಿಟಿ, ಅಂದರೆ ಸಮನ್ಯಾಯ ಎನ್ನುತ್ತಾರೆ. ರಾಜನ ಸಾಮಾನ್ಯ ಕಾನೂನಿನ ನ್ಯಾಯಾಲಯಗಳಲ್ಲಿ ಪರಿಹಾರ ದೊರೆಯದವರು ಚಾನ್ಸಲರ್ ಅವರ ಮೊರೆ ಹೋಗುತ್ತಿದ್ದರು. ಅವರು ಪ್ರತಿವಾದಿಯ ಆತ್ಮಸಾಕ್ಷಿಯನ್ನು ಪ್ರಶ್ನಿಸಿ ತೀರ್ಪು ನೀಡುತ್ತಿದ್ದರು. ಟ್ರಸ್ಟ್, ತಡೆಯಾಜ್ಞೆ, ಕರಾರಿನ ನಿರ್ದಿಷ್ಟ ಪಾಲನೆ ಇವೆಲ್ಲ ಈ ಪದ್ಧತಿಯ ಕೊಡುಗೆಗಳು.

ಇತಿಹಾಸ

ಎರಡು ನ್ಯಾಯಪದ್ಧತಿಗಳ ನಡುವಿನ ಘರ್ಷಣೆ 1615ರ ಅರ್ಲ್ ಆಫ್ ಆಕ್ಸ್‌ಫರ್ಡ್ ಪ್ರಕರಣದಲ್ಲಿ ತಾರಕಕ್ಕೇರಿತು. ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿಗೆ ಸಂಬಂಧಿಸಿದ ಲಂಡನ್ನಿನ ಜಮೀನಿನ ವ್ಯಾಜ್ಯ ಅದು. ಸಾಮಾನ್ಯ ಕಾನೂನಿನಲ್ಲಿ ಕಾಲೇಜಿನ ಪಕ್ಷವೇ ಗೆದ್ದರೂ ಆ ನೆಲದಲ್ಲಿ ಮನೆ ಕಟ್ಟಿಕೊಂಡವರಿಗೆ ಚಾನ್ಸಲರ್ ಎಲ್ಸ್‌ಮಿಯರ್ ರಕ್ಷಣೆ ನೀಡಿದರು. ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್ ಚಾನ್ಸರಿಯ ಇಂತಹ ಹಸ್ತಕ್ಷೇಪವನ್ನು ತೀವ್ರವಾಗಿ ವಿರೋಧಿಸುತ್ತಿದ್ದರು. ಫ್ರಾನ್ಸಿಸ್ ಬೇಕನ್ ಮುಂತಾದವರ ಸಲಹೆ ಪಡೆದ ದೊರೆ ಒಂದನೆಯ ಜೇಮ್ಸ್, 1616ರಲ್ಲಿ ಚಾನ್ಸರಿಯ ಪರವಾಗಿ ನಿರ್ಣಯಿಸಿದನು. ಆದರೂ ಸಮನ್ಯಾಯವು ಚಾನ್ಸಲರ್ ಅವರ ಪಾದದ ಅಳತೆಯಂತೆ ಬದಲಾಗುತ್ತದೆ ಎಂದು ವಿದ್ವಾಂಸ ಜಾನ್ ಸೆಲ್ಡನ್ ಮಾಡಿದ ಪರಿಹಾಸ್ಯ ಅಂದಿನ ಕಾಲಕ್ಕೆ ಅನ್ಯಾಯದ ಮಾತೇನೂ ಆಗಿರಲಿಲ್ಲ.

ಮುಂದೆ ನಿಯಮಗಳು ಗಟ್ಟಿಗೊಂಡವು. ಜೊತೆಗೆ ವಿಳಂಬವೂ ಬೆಳೆಯಿತು. 1798ರಲ್ಲಿ ನಿಧನನಾದ ಧನಿಕ ವಿಲಿಯಂ ಜೆನೆನ್ಸ್‌ನ ಆಸ್ತಿಯ ವ್ಯಾಜ್ಯ ಒಂದು ಶತಮಾನಕ್ಕೂ ಹೆಚ್ಚು ಕಾಲ ಎಳೆಯಿತು. ಚಾರ್ಲ್ಸ್ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಬರುವ ಕೊನೆಯಿಲ್ಲದ ದಾವೆಗೆ ಇದೇ ಪ್ರೇರಣೆ ಎಂದು ಹಲವರು ಭಾವಿಸುತ್ತಾರೆ. 1873 ಮತ್ತು 1875ರ ನ್ಯಾಯಾಂಗ ಕಾಯಿದೆಗಳು ಹಳೆಯ ಚಾನ್ಸರಿ ನ್ಯಾಯಾಲಯವನ್ನು ರದ್ದುಗೊಳಿಸಿ, ಉಚ್ಚ ನ್ಯಾಯಾಲಯದ ಚಾನ್ಸರಿ ವಿಭಾಗವನ್ನು ಸ್ಥಾಪಿಸಿದವು. ಎರಡು ಪದ್ಧತಿಗಳು ಪರಸ್ಪರ ವಿರುದ್ಧವಾದಾಗ ಸಮನ್ಯಾಯದ ನಿಯಮವೇ ಮೇಲು ಎಂದೂ ಅವು ವಿಧಿಸಿದವು.

ನಂಬಿಕೆ ಮತ್ತು ಲಾಭ

ಚಾನ್ಸರಿಯ ಕಠೋರತೆಯನ್ನು ತಿಳಿಯಲು 1726ರ ಕೀಚ್ ವಿರುದ್ಧ ಸ್ಯಾಂಡ್‌ಫರ್ಡ್ ತೀರ್ಪಿಗಿಂತ ಉತ್ತಮ ಉದಾಹರಣೆಯಿಲ್ಲ. ರಾಮ್‌ಫರ್ಡ್ ಸಂತೆಯ ಗುತ್ತಿಗೆಯನ್ನು ಟ್ರಸ್ಟಿಯೊಬ್ಬನು ಅಪ್ರಾಪ್ತ ಬಾಲಕನ ಪರವಾಗಿ ನಿರ್ವಹಿಸುತ್ತಿದ್ದನು. ಅವಧಿ ಮುಗಿದಾಗ, ಬಾಲಕನಿಗೆ ಗುತ್ತಿಗೆ ನವೀಕರಿಸಲು ಮಾಲೀಕನು ಒಪ್ಪಲಿಲ್ಲ. ಆಗ ಟ್ರಸ್ಟಿ ತನ್ನ ಹೆಸರಿಗೇ ಗುತ್ತಿಗೆ ಪಡೆದನು. ಇದರಲ್ಲಿ ವಂಚನೆ ಇರಲಿಲ್ಲ. ಬಾಲಕನಿಗೆ ಅದು ಹೇಗೂ ದಕ್ಕುತ್ತಿರಲಿಲ್ಲ. ಆದರೂ ಲಾರ್ಡ್ ಚಾನ್ಸಲರ್ ಕಿಂಗ್, ಗುತ್ತಿಗೆಯೂ ಅದರ ಲಾಭವೂ ಬಾಲಕನಿಗೇ ಸೇರಬೇಕೆಂದರು. ಟ್ರಸ್ಟಿಗಳಿಗೆ ಇಂತಹ ಅವಕಾಶ ತೆರೆದಿಟ್ಟರೆ ಫಲಾನುಭವಿಗಳ ಹಿತಕ್ಕಾಗಿ ಶ್ರಮಿಸುವವರು ವಿರಳವಾಗುತ್ತಾರೆ ಎಂಬುದು ಅವರ ತರ್ಕ.

ಈ ನಿಯಮ ಪ್ರಾಮಾಣಿಕರಿಗೂ ಅನ್ವಯಿಸುವುದು ಅತಿಯಾಯಿತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2025ರ ರುಖಾಡ್ಜೆ ಪ್ರಕರಣದಲ್ಲಿ ಅದನ್ನು ಸಡಿಲಿಸಬೇಕೆಂಬ ವಾದವನ್ನು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ತಿರಸ್ಕರಿಸಿತು. ಇದಕ್ಕೂ ಮೊದಲು, 2014ರ ಎಫ್‌ಎಚ್‌ಆರ್ ಪ್ರಕರಣದಲ್ಲಿ, ಏಜೆಂಟನು ಪಡೆದ ರಹಸ್ಯ ಕಮಿಷನ್ ಹಣ ಮೂಲತಃ ಯಜಮಾನನದೇ ಸ್ವತ್ತು ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತ್ತು. ಏಜೆಂಟನು ದಿವಾಳಿಯಾದಾಗ ಇದರ ಮಹತ್ವ ಕಾಣುತ್ತದೆ: ಯಜಮಾನನು ಇತರ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಿಲ್ಲ.

ಭೂಮಿ

1848ರ ಟಲ್ಕ್ ವಿರುದ್ಧ ಮಾಕ್ಸ್‌ಹೇ ಪ್ರಕರಣ ಲಂಡನ್ನಿನ ಲೀಸ್ಟರ್ ಚೌಕದ ಉದ್ಯಾನಕ್ಕೆ ಸಂಬಂಧಿಸಿದ್ದು. ಕಟ್ಟಡ ಕಟ್ಟದೆ ತೋಟವಾಗಿಯೇ ಉಳಿಸಬೇಕೆಂಬ ಷರತ್ತನ್ನು ತಿಳಿದೂ ಜಮೀನು ಕೊಂಡವನು ಅದನ್ನು ಮುರಿಯುವಂತಿಲ್ಲ ಎಂದು ಲಾರ್ಡ್ ಕಾಟನಮ್ ತೀರ್ಪಿತ್ತರು. ಭಾರತದ 1882ರ ಆಸ್ತಿ ಹಸ್ತಾಂತರ ಕಾಯಿದೆಯ 40ನೆಯ ಕಲಮಿನಲ್ಲಿ ಇದೇ ತತ್ವದ ನೆರಳಿದೆ. ಅದೇ ವರ್ಷದ ಭಾರತೀಯ ಟ್ರಸ್ಟ್ ಕಾಯಿದೆಯ 88ನೆಯ ಕಲಮು ಕೀಚ್ ತತ್ವವನ್ನು ಹೋಲುತ್ತದೆ.

ಪ್ರಸ್ತುತ ಪ್ರಶ್ನೆಗಳು

ಕಾರು ಸಾಲದ ಮಧ್ಯವರ್ತಿಗಳು ಗುಟ್ಟಾಗಿ ಪಡೆದ ಕಮಿಷನ್ ಬಗ್ಗೆ 2025ರ ಆಗಸ್ಟ್ 1ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಕಾರು ಮಾರಾಟಗಾರನು ತನ್ನ ಲಾಭಕ್ಕಾಗಿ ವ್ಯವಹರಿಸುವವನು, ಗ್ರಾಹಕನ ವಿಶ್ವಸ್ತನಲ್ಲ ಎಂಬುದು ಅದರ ಸಾರ. ಆದರೂ ಒಬ್ಬ ಗ್ರಾಹಕನಿಗೆ 1974ರ ಗ್ರಾಹಕ ಸಾಲ ಕಾಯಿದೆಯ ಅಡಿಯಲ್ಲಿ ಪರಿಹಾರ ದೊರೆಯಿತು. ಆತನ ಸಾಲದ ಒಟ್ಟು ವೆಚ್ಚದಲ್ಲಿ ಶೇ. 55ರಷ್ಟು ಕಮಿಷನ್ನೇ ಆಗಿತ್ತು.

ಬಿಟ್‌ಕಾಯಿನ್‌ನಂತಹ ಡಿಜಿಟಲ್ ಸಂಪತ್ತನ್ನು ಸ್ವತ್ತೆಂದು ಪರಿಗಣಿಸಬಹುದೇ ಎಂಬುದು ಮತ್ತೊಂದು ಪ್ರಶ್ನೆ. ಸ್ವತ್ತಲ್ಲದ್ದನ್ನು ಟ್ರಸ್ಟಿನಲ್ಲಿ ಇಡಲಾಗದು. ಕಾನೂನು ಆಯೋಗವು 2023ರ ವರದಿಯಲ್ಲಿ ಇದಕ್ಕೆ ಶಾಸನದ ಮನ್ನಣೆ ಶಿಫಾರಸು ಮಾಡಿತು; 2025ರಲ್ಲಿ ಅದು ಕಾಯಿದೆಯ ರೂಪ ಪಡೆಯಿತು. ಯಾವ ಬಗೆಯ ಡಿಜಿಟಲ್ ಸಂಪತ್ತು ಸ್ವತ್ತಾಗುತ್ತದೆ ಎಂಬ ನಿರ್ಣಯವನ್ನು ಮಾತ್ರ ನ್ಯಾಯಾಲಯಗಳಿಗೇ ಬಿಡಲಾಗಿದೆ.