ಗೆಲಾಕ್ಸಿಗಳ ಚಲನೆ, ಅಗೋಚರ ದ್ರವ್ಯ ಮತ್ತು ನ್ಯೂಟ್ರಿನೊ

ಅಗೋಚರ ದ್ರವ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1933ರಲ್ಲಿ ಫ್ರಿಟ್ಸ್ ಝ್ವಿಕಿ ನಡೆಸಿದ ಕೋಮಾ ಗುಚ್ಛದ ಅಧ್ಯಯನದಿಂದ ತೊಡಗಿ, 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಪ್ರಕಟಿಸಿದ ಆಂಡ್ರೊಮಿಡಾದ ಅಳತೆಗಳಿಗೆ ಬರುತ್ತಾರೆ. ಇವುಗಳ ಬೆನ್ನಿಗೇ ಬಂದ, ಕರ್ನಾಟಕದೊಡನೆ ನಂಟುಳ್ಳ ಅಧ್ಯಾಯವೊಂದು ಕನ್ನಡದಲ್ಲಿ ವಿವರವಾಗಿ ಪರಿಶೀಲಿಸಲು ಯೋಗ್ಯವಾಗಿದೆ.

ಝ್ವಿಕಿಯ ತರ್ಕ ಸರಳವಾದುದು. ಕೋಮಾದ ಗೆಲಾಕ್ಸಿಗಳು ಸೆಕೆಂಡಿಗೆ ಸುಮಾರು ಸಾವಿರ ಕಿಲೋಮೀಟರ್ ಪ್ರಮಾಣದ ವೇಗಗಳಲ್ಲಿ ಚಲಿಸುತ್ತವೆ. ಅವು ಚದುರಿಹೋಗದಂತೆ ಹಿಡಿದಿಡಲು ಕಾಣುವ ನಕ್ಷತ್ರಗಳ ಗುರುತ್ವ ಏನೇನೂ ಸಾಲದು. ಅವರ ಲೆಕ್ಕದಲ್ಲಿ ಬೇಕಾದ ದ್ರವ್ಯ ಕಾಣುವುದರ 400 ಪಟ್ಟು. ಅಂದಿನ ದೂರದ ಅಳತೆಯ ದೋಷದಿಂದ ಈ ಸಂಖ್ಯೆ ಹಿಗ್ಗಿತ್ತು. ಅದನ್ನು ತಿದ್ದಿದ ಮೇಲೂ ಕೊರತೆ ಉಳಿಯಿತು. ಆಂಡ್ರೊಮಿಡಾದ ಅಂಚಿನ ಅನಿಲಮೋಡಗಳೂ, ಸೌರವ್ಯೂಹದ ಹೊರಗ್ರಹಗಳಂತೆ, ದೂರ ಹೆಚ್ಚಿದಷ್ಟೂ ನಿಧಾನಿಸಲಿಲ್ಲ.

ಕಾಣದ ಆ ದ್ರವ್ಯ ಯಾವುದು? ಮುಂದೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ರಾಮನಾಥ ಕೌಶಿಕ್ ಅವರು ಮೆಕ್ಲೆಲ್ಯಾಂಡ್ ಅವರೊಡನೆ 1972ರಲ್ಲಿ ಒಂದು ಲೆಕ್ಕ ಮಂಡಿಸಿದರು. ವಿಶ್ವದ ಆದಿಯಲ್ಲಿ ಹುಟ್ಟಿ ಉಳಿದ ನ್ಯೂಟ್ರಿನೊಗಳ ದ್ರವ್ಯರಾಶಿ 8 ಎಲೆಕ್ಟ್ರಾನ್ ವೋಲ್ಟ್ ಮೀರಿದರೆ ವಿಶ್ವದ ವಿಸ್ತರಣೆಯೇ ಬೇರೆಯಾಗಬೇಕಿತ್ತು. ಮರುವರ್ಷ ಅವರು ಇನ್ನೂ ದಿಟ್ಟವಾದ ಸೂಚನೆಯನ್ನಿತ್ತರು: ಕೆಲವೇ ಎಲೆಕ್ಟ್ರಾನ್ ವೋಲ್ಟ್‌ಗಳ ನ್ಯೂಟ್ರಿನೊಗಳು ಕೋಮಾ ಗುಚ್ಛವನ್ನು ಬಂಧಿಸಿಡಬಲ್ಲವು.

ನ್ಯೂಟ್ರಿನೊ ಕನ್ನಡನಾಡಿಗೆ ಹೊಸದಾಗಿರಲಿಲ್ಲ. 1965ರಲ್ಲಿ ಕೋಲಾರ ಚಿನ್ನದ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಒಸಾಕಾ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ತಂಡವು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಗುರುತಿಸಿತ್ತು. ಕೌಶಿಕ್ ಲೆಕ್ಕದ ಆದಿಕಾಲದ ನ್ಯೂಟ್ರಿನೊಗಳಾದರೋ ಶಕ್ತಿ ತೀರ ಕಡಿಮೆಯಾದವು. ಅವು ಈವರೆಗೆ ನೇರವಾಗಿ ಯಾವ ಉಪಕರಣಕ್ಕೂ ಸಿಕ್ಕಿಲ್ಲ.

ನ್ಯೂಟ್ರಿನೊವೇ ಅಗೋಚರ ದ್ರವ್ಯವೆಂಬ ಊಹೆ ನಿಲ್ಲಲಿಲ್ಲ. ಅತಿವೇಗದ ಈ ಕಣಗಳು ಸಣ್ಣ ಗೆಲಾಕ್ಸಿಗಳ ಬೀಜಗಳನ್ನೇ ಅಳಿಸಿಹಾಕುತ್ತವೆಂದು 1980ರ ದಶಕದ ಗಣಕ ಅನುಕರಣೆಗಳು ತೋರಿದವು. ಜರ್ಮನಿಯ ಕಾಟ್ರಿನ್ ಪ್ರಯೋಗವು 2025ರಲ್ಲಿ ಗರಿಷ್ಠ ಮಿತಿಯನ್ನು 0.45 ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಸಿತು. ಆದರೆ ಆದಿಕಾಲದಿಂದ ಉಳಿದ ಕಣಗಳನ್ನು ಎಣಿಸಿ ಅವುಗಳ ಗುರುತ್ವವನ್ನು ಅಳೆಯುವ ವಿಧಾನ ಉಳಿಯಿತು. 1977ರಲ್ಲಿ ಲೀ ಮತ್ತು ವೈನ್‌ಬರ್ಗ್ ಇನ್ನೂ ಭಾರವಾದ ಕಣಗಳಿಗೆ ಅದೇ ಬಗೆಯ ಲೆಕ್ಕವನ್ನು ಹಾಕಿದರು. ಅಂಥ ಕಣಗಳ ಹುಡುಕಾಟ ಇಂದಿಗೂ ನೆಲದಾಳದ ಪ್ರಯೋಗಾಲಯಗಳಲ್ಲಿ ನಡೆದಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. 2017ರಲ್ಲಿ ಜಾರ್ಖಂಡಿನ ಜಾದುಗುಡದಲ್ಲಿ ತೆರೆದ ಭೂಗತ ಪ್ರಯೋಗಾಲಯದ ಆಳ 555 ಮೀಟರ್.