ಡಬ್ಬಿಗಳ ಜಾಗದಲ್ಲಿ ಕನ್ನಡ ಮೂಡಿದ್ದು

ಹಳೇ ಕೀಪ್ಯಾಡ್ ಫೋನಿನಲ್ಲಿ ಕನ್ನಡ ಸುದ್ದಿ ತೆರೆದರೆ ಬರೀ ಡಬ್ಬಿ ಡಬ್ಬಿ ಕಾಣುತ್ತಿತ್ತು, ನೆನಪಿದೆಯಾ? ಎಷ್ಟೋ ಫೋನುಗಳಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಆಗ ಕೈಹಿಡಿದದ್ದು ನಾರ್ವೆಯ ಕಂಪನಿಯೊಂದರ ಬ್ರೌಸರ್, ಒಪೆರಾ ಮಿನಿ. 2006ರ ಜನವರಿಯಲ್ಲಿ ಜಗತ್ತಿಗೆಲ್ಲ ಸಿಕ್ಕ ಇದು, ಪುಟವನ್ನು ಮೊದಲು ತನ್ನ ಸರ್ವರ್‌ಗೆ ತರಿಸಿ, ಹಿಂಡಿ ಚಿಕ್ಕದು ಮಾಡಿ ಫೋನಿಗೆ ಕಳಿಸುತ್ತಿತ್ತು. ಟುಜಿ ನೆಟ್‌ಗೆ, ಸಣ್ಣ ರೀಚಾರ್ಜಿಗೆ ಅದೇ ದೊಡ್ಡದು.

ಮುಂದೆ ಇನ್ನೊಂದು ಗುಟ್ಟು ಬಂತು. ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಒತ್ತಿ, ಬಿಟ್‌ಮ್ಯಾಪ್ ಫಾಂಟ್ ಎಂಬಲ್ಲಿ ‘ಯೆಸ್’ ಕೊಟ್ಟರೆ, ಸರ್ವರ್ ಅಕ್ಷರಗಳನ್ನೇ ಚಿತ್ರ ಮಾಡಿ ಕಳಿಸುತ್ತಿತ್ತು. ಒತ್ತಕ್ಷರ ಸಮೇತ! ಆದರೆ ಕನ್ನಡ ಓದಲು ಇಂಗ್ಲಿಷ್ ಬಲ್ಲವರೊಬ್ಬರು ಪಕ್ಕದಲ್ಲಿರಬೇಕಿತ್ತು. ನನಗದು ಈಗಲೂ ಸರಿಯೆನಿಸುವುದಿಲ್ಲ.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ ಅಕ್ಷರಗಳನ್ನು ತನ್ನೊಳಗೇ ಇಟ್ಟುಕೊಂಡು ಬಂತು.